ಕೋಲಾರದಿಂದ ತುಮಕೂರಿಗೆ ನಾಲ್ವರ ಓಟ

ಗುರುವಾರ

ತುಮಕೂರಿನಲ್ಲಿ ಕ್ರೀಡಾಕೂಟ ಇದ್ದದ್ದು ಶನಿವಾರ. ನಮ್ಮದು 4×100 ಮೀಟರ್ ರಿಲೇ, ಅಂದರೆ ನಾಲ್ವರು ಸರದಿಯಂತೆ ನೂರು ನೂರು ಮೀಟರ್ ಓಡುವ ಓಟ. ಬೆಂಗಳೂರಿನ ಮೇಲೆ ಹೋಗುವುದಾದರೆ ಶುಕ್ರವಾರ ಮಧ್ಯಾಹ್ನ ಕೋಲಾರ ಬಿಟ್ಟರೂ ಸಾಕಿತ್ತು. ನಾನು ಗುರುವಾರ ಬೆಳಿಗ್ಗೆಯೇ ಹುಡುಗರನ್ನು ಹೊರಡಿಸಿಕೊಂಡು ಚಿಂತಾಮಣಿ ಬಸ್ಸು ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಬ್ಯಾಗು ಹೊತ್ತು ಪ್ಲಾಟ್‌ಫಾರಂ ಹುಡುಕಿ, ಯಶವಂತಪುರದ ಟ್ರಾಫಿಕ್‌ನಲ್ಲಿ ನಿಂತು ಬಂದ ಕಾಲುಗಳು ಮಾರನೇ ದಿನ ಸರಿಯಾಗಿ ಓಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಈ ನಾಲ್ವರಿಗೆ ಒಬ್ಬರಿಗೊಬ್ಬರ ಒಡನಾಟ ಸಾಲದು. ಒಬ್ಬ ಮಾಲೂರಿನವನು, ಒಬ್ಬ ಬಂಗಾರಪೇಟೆ, ಒಬ್ಬ ಮುಳಬಾಗಿಲು, ಇನ್ನೊಬ್ಬ ಶ್ರೀನಿವಾಸಪುರ. ನೂರು ಮೀಟರ್ ಓಟದಲ್ಲಿ ಬೇರೆ ಬೇರೆ ಕಡೆ ಗೆದ್ದು ಬಂದವರು. ಬಸ್ಸಿನಲ್ಲಿ ಅವರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ನಮ್ಮ ಕಡೆ ರಿಲೇ ತಂಡ ಕಟ್ಟುವ ರೀತಿ ನೋಡಿ ನನಗೆ ಬಹಳ ಸಲ ಬೇಸರವಾಗಿದೆ. ಕೂಟದ ಹಿಂದಿನ ದಿನ ನಾಲ್ಕು ಜನ ವೇಗದ ಹುಡುಗರನ್ನು ಕರೆದು ನಿಲ್ಲಿಸಿ, "ನೀನು ಮೊದಲು, ನೀನು ಕೊನೆಗೆ" ಅಂದರೆ ತಂಡ ತಯಾರು. ಬೇಟನ್, ಅಂದರೆ ಓಡುವವರು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕೋಲು, ಕೈಯಿಂದ ಕೈಗೆ ಹೋಗುವ ಆ ಎರಡು ಸೆಕೆಂಡಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ರಿಲೇ ಗೆಲ್ಲುವುದು, ಸೋಲುವುದು ಅಲ್ಲೇ. ಅದಕ್ಕೇ ಈ ಸಲ ಮೂರು ವಾರ ಮುಂಚೆ ಹುಡುಗರನ್ನು ಒಟ್ಟು ಮಾಡಿದೆ. ಕಾಲೇಜಿನ ಮಣ್ಣಿನ ಮೈದಾನದಲ್ಲಿ ಬೆಳಗಿನ ಹೊತ್ತು ಅಭ್ಯಾಸ, ದಿನ ಬಿಟ್ಟು ದಿನ.

ಬೇಟನ್ ಅಂತ ನಮ್ಮ ಹತ್ತಿರ ಇದ್ದದ್ದು ಪೈಪಿನ ತುಂಡು. ಹೊಲಕ್ಕೆ ನೀರು ಹಾಯಿಸುವ 40 ಎಂಎಂ ಪಿವಿಸಿ ಪೈಪನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ದು, ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದು ಶ್ರೀನಿವಾಸಪುರದ ಹುಡುಗ. ಅವರ ತೋಟದಲ್ಲಿ ಮಾವಿನ ಗಿಡಕ್ಕೆ ಹಾಕಿ ಉಳಿದ ಪೈಪು. ನಿಯಮದ ಬೇಟನ್ನಿನ ಹೊರ ಅಗಲವೂ ಸುಮಾರು 40 ಮಿಲಿಮೀಟರೇ. ಉದ್ದ 28ರಿಂದ 30 ಸೆಂಟಿಮೀಟರ್, ತೂಕ 50 ಗ್ರಾಂಗೆ ಕಡಿಮೆ ಇರಬಾರದು. ಹುಡುಗ 29 ಸೆಂಟಿಮೀಟರಿಗೆ ಸರಿಯಾಗಿ ಗುರುತು ಹಾಕಿ ಕುಯ್ದಿದ್ದ. ಒಂದು ತುದಿಗೆ ಕೆಂಪು ಇನ್ಸುಲೇಷನ್ ಟೇಪು. ಕೊಡುವವನ ಕೈ ಆ ಕೆಂಪಿನ ಮೇಲಿರಬೇಕು, ತಗೊಳ್ಳುವವನಿಗೆ ಬಿಳಿ ಭಾಗ ಪೂರ್ತಿ ಸಿಗಬೇಕು ಅಂತ ಅವನದೇ ಲೆಕ್ಕ.

ಚಿಂತಾಮಣಿ ಬಿಟ್ಟ ಮೇಲೆ ಬಸ್ಸು ಖಾಲಿಯಾಯಿತು. ನಾಲ್ವರನ್ನೂ ಕಿಟಕಿ ಪಕ್ಕದ ಸೀಟುಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಕೂರಿಸಿ ಪೈಪನ್ನು ಹಿಂದಿನಿಂದ ಮುಂದಕ್ಕೆ ದಾಟಿಸಲು ಹೇಳಿದೆ. ಮುಂದಿನವನು ತಿರುಗಿ ನೋಡುವಂತಿಲ್ಲ. ಹಿಂದಿನವನು "ಹಾಂ" ಅಂದ ಕೂಡಲೇ ಅಂಗೈ ಹಿಂದಕ್ಕೆ ಬರಬೇಕು, ಹೆಬ್ಬೆರಳು ಅಗಲವಾಗಿ ತೆರೆದಿರಬೇಕು, ಕೈ ಅಲುಗಾಡಬಾರದು. ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ, ಮತ್ತೆ ಎಡಗೈಗೆ. ಮೊದಲನೆಯವನೂ ಮೂರನೆಯವನೂ ತಿರುವಿನಲ್ಲಿ ಓಡುವವರು. ಬಲಗೈಯಲ್ಲಿ ಬೇಟನ್ ಇದ್ದರೆ ಲೇನಿನ ಒಳ ಅಂಚನ್ನು ತಬ್ಬಿಕೊಂಡು ಓಡಬಹುದು. ಎರಡನೆಯವನು, ನಾಲ್ಕನೆಯವನು ಹೊರ ಅಂಚಿನಲ್ಲಿ ನಿಂತು ಎಡಗೈ ಚಾಚುತ್ತಾರೆ. ಹೀಗಾದರೆ ಒಬ್ಬರ ಕಾಲಿಗೆ ಒಬ್ಬರು ಸಿಗುವುದಿಲ್ಲ, ಓಡುವಾಗ ಕೈ ಬದಲಾಯಿಸುವ ಗೋಜೂ ಇಲ್ಲ.

ಕಂಡಕ್ಟರು ಸ್ವಲ್ಪ ಹೊತ್ತು ನೋಡಿ, "ಏನ್ ಸಾರ್, ಹುಡುಗರು ಏನೋ ಕದ್ದು ದಾಟಿಸ್ತಾವ್ರಲ್ಲ" ಅಂದರು. ವಿಷಯ ಹೇಳಿದೆ. ಶಿಡ್ಲಘಟ್ಟದವರೆಗೂ ಅವರೇ ಹಿಂದೆ ನಿಂತು "ಹಾಂ... ಹಾಂ..." ಅಂತ ಕೂಗಿಕೊಟ್ಟರು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಮಾರಿ ಬಂದ ರೈತರು ಖಾಲಿ ಚೀಲ ಮಡಚಿಕೊಂಡು ಹತ್ತಿದರು. ಅಲ್ಲಿಗೆ ನಮ್ಮ ಅಭ್ಯಾಸ ನಿಂತಿತು.

ಚಿಕ್ಕಬಳ್ಳಾಪುರದಲ್ಲಿ ನನ್ನ ಅಕ್ಕನ ಮನೆ. ಅವರೆಕಾಯಿ ಕಾಲ. ಅಕ್ಕ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ ಮಾಡಿಟ್ಟಿದ್ದಳು. "ತಿನ್ರಪ್ಪ, ಓಡೋ ಮಕ್ಕಳು" ಅಂತ ಎರಡನೇ ಮುದ್ದೆ ತಟ್ಟೆಗೆ ಇಟ್ಟಾಗ ಮುಳಬಾಗಿಲಿನವನು ನನ್ನ ಮುಖ ನೋಡಿದ. ಶನಿವಾರಕ್ಕೆ ಇನ್ನೂ ಒಂದು ದಿನ ಇದೆ, ತಿನ್ನು ಅಂದೆ.

ಊಟ ಆದ ಮೇಲೆ ನಡುಮನೆಯಲ್ಲಿ ಮೊಬೈಲನ್ನು ಚೊಂಬಿಗೆ ಒರಗಿಸಿ 2010ರ ಅಕ್ಟೋಬರಿನ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಪುರುಷರ 4×100 ಮೀಟರ್ ಫೈನಲ್ ತೋರಿಸಿದೆ. ರಹಮತುಲ್ಲಾ ಮೊಲ್ಲಾ, ಸುರೇಶ್ ಸತ್ಯ, ಶಮೀರ್ ಮೋನ್, ಅಬ್ದುಲ್ ನಜೀಬ್ ಖುರೇಷಿ. ಇಂಗ್ಲೆಂಡ್ 38.74 ಸೆಕೆಂಡಿನಲ್ಲಿ ಚಿನ್ನ, ಜಮೈಕಾ 38.79ರಲ್ಲಿ ಬೆಳ್ಳಿ, ಭಾರತ 38.89ರಲ್ಲಿ ಕಂಚು. ಮೊದಲ ಸ್ಥಾನಕ್ಕೂ ನಮಗೂ ಇದ್ದ ಅಂತರ 15 ನೂರಾಂಶ ಸೆಕೆಂಡು. ಓಟದ ವೇಗದಲ್ಲಿ ಲೆಕ್ಕ ಹಾಕಿದರೆ ಒಂದೂವರೆ ಮೀಟರ್ ಆಸುಪಾಸು. ಓಟ ಮುಗಿದಾಗ ಜವಾಹರಲಾಲ್ ನೆಹರೂ ಕ್ರೀಡಾಂಗಣದ ಗದ್ದಲ ಮೊಬೈಲಿನ ಸಣ್ಣ ಸ್ಪೀಕರಿನಲ್ಲೂ ಕೇಳುತ್ತಿತ್ತು. ಮಾಲೂರಿನವನು ಕೇಳಿದ, "ಸಾರ್, ಇವರಲ್ಲಿ ಯಾರಾದ್ರೂ ಹತ್ತು ಸೆಕೆಂಡ್ ಒಳಗೆ ಓಡಿದ್ರಾ?" ಇಲ್ಲ. ಭಾರತದ ಓಟಗಾರ ಯಾರೂ ಆಗ ಹತ್ತರ ಹತ್ತಿರಕ್ಕೂ ಹೋಗಿರಲಿಲ್ಲ.

ಆ 38.89 ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ರಾಷ್ಟ್ರೀಯ ದಾಖಲೆಯಾಗಿ ನಿಂತಿತ್ತು. 2025ರ ಏಪ್ರಿಲ್ ಕೊನೆಯಲ್ಲಿ ಚಂಡೀಗಢದಲ್ಲಿ ಗುರಿಂದರ್‌ವೀರ್ ಸಿಂಗ್, ಅನಿಮೇಶ್ ಕುಜೂರ್, ಅಮ್ಲಾನ್ ಬೊರ್ಗೊಹೈನ್ ಜೊತೆ ನಮ್ಮ ರಾಜ್ಯದ ಮಣಿಕಂಠ ಹೋಬಳಿದಾರ್ ಇದ್ದ ತಂಡ 38.69ಕ್ಕೆ ಅದನ್ನು ಮುರಿಯಿತು. ಮಣಿಕಂಠ 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವದಲ್ಲೇ 10.23 ಸೆಕೆಂಡು ಓಡಿ ನೂರು ಮೀಟರಿನ ರಾಷ್ಟ್ರೀಯ ದಾಖಲೆ ಮಾಡಿದ್ದವರು. ಕಂಠೀರವ ಅಂದ ಕೂಡಲೇ ಬಂಗಾರಪೇಟೆಯವನು ಎದ್ದು ಕೂತ. ಅವನು ಅಲ್ಲಿ ಒಮ್ಮೆ ಓಡಿದ್ದಾನೆ.

ಶುಕ್ರವಾರ

ಚಿಕ್ಕಬಳ್ಳಾಪುರದ ಸುತ್ತ ಲೇಔಟುಗಳಿಗೆ ಕೊರತೆ ಇಲ್ಲ. ಸೈಟು ಮಾರಾಟವಾಗಿದೆ, ಮನೆ ಎದ್ದಿಲ್ಲ, ಡಾಂಬರು ರಸ್ತೆ ಮಾತ್ರ ನೇರಕ್ಕೆ ಮಲಗಿದೆ. ಅಂಥ ಒಂದು ರಸ್ತೆಗೆ ಬೆಳಿಗ್ಗೆ ಆರೂವರೆಗೆ ಹೋದೆವು. ನಂದಿ ಬೆಟ್ಟ ಮಂಜಿನೊಳಗಿತ್ತು. ಎದುರಿನ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಮೋಟಾರಿನ ಸದ್ದು. ಹುಡುಗರ ಬಾಯಿಂದ ಹೊಗೆ.

ಅವತ್ತು ಜೋರಾಗಿ ಓಡಿಸಲಿಲ್ಲ, ಚೆಕ್ ಮಾರ್ಕ್ ಕೆಲಸ ಮಾತ್ರ. ಚೆಕ್ ಮಾರ್ಕ್ ಅಂದರೆ ತಗೊಳ್ಳುವವನು ತಾನು ನಿಂತ ಜಾಗದಿಂದ ಹಿಂದಕ್ಕೆ ಪಾದಕ್ಕೆ ಪಾದ ಕೂಡಿಸಿ ಎಣಿಸಿ ಅಂಟಿಸುವ ಟೇಪು. ಓಡಿ ಬರುವವನು ಆ ಟೇಪನ್ನು ದಾಟಿದ ಕ್ಷಣಕ್ಕೆ ಇವನು ಹೊರಡಬೇಕು. ಹೊರಟ ಮೇಲೆ ಹಿಂದೆ ನೋಡುವುದಿಲ್ಲ, ಕಿವಿಯೇ ಗತಿ. ಪಾದಗಳ ಎಣಿಕೆ ಜಾಸ್ತಿಯಾದರೆ ಇವನು ಬೇಗ ಹೊರಟು ಕೈಗೆ ಸಿಗುವುದಿಲ್ಲ, ಕಡಿಮೆಯಾದರೆ ಬರುವವನು ಇವನ ಬೆನ್ನಿಗೆ ಬಂದು ಬೀಳುತ್ತಾನೆ. ಬಂಗಾರಪೇಟೆಯಿಂದ ಮುಳಬಾಗಿಲಿಗೆ ಹೋಗುವ ಎರಡನೇ ಬದಲಾವಣೆಗೆ ಮಣ್ಣಿನ ಮೈದಾನದಲ್ಲಿ 21 ಪಾದ ಇಟ್ಟಿದ್ದೆವು.

ನಡುವೆ ದಣಿವಾರಿಸಿಕೊಳ್ಳುವಾಗ ಲೆಕ್ಕ ಒಂದನ್ನು ರಸ್ತೆಯ ಮೇಲೆ ಸುಣ್ಣದ ಕಲ್ಲಿನಲ್ಲಿ ಬರೆದು ತೋರಿಸಿದೆ. ಉಸೇನ್ ಬೋಲ್ಟ್ ನೂರು ಮೀಟರಿನ ವಿಶ್ವದಾಖಲೆ 9.58 ಸೆಕೆಂಡು. ನಾಲ್ಕು ಬೋಲ್ಟ್‌ಗಳು ಬೇರೆ ಬೇರೆಯಾಗಿ ಓಡಿ ಕೂಡಿಸಿದರೆ 38.32. ಆದರೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನೆಸ್ಟಾ ಕಾರ್ಟರ್, ಮೈಕೆಲ್ ಫ್ರೇಟರ್, ಯೋಹಾನ್ ಬ್ಲೇಕ್, ಬೋಲ್ಟ್ ಸೇರಿ ಓಡಿದ್ದು 36.84ಕ್ಕೆ. ಇವತ್ತಿಗೂ ಅದೇ ವಿಶ್ವದಾಖಲೆ. ನಾಲ್ಕು ಬೋಲ್ಟ್‌ಗಳಿಗಿಂತ ಒಂದೂವರೆ ಸೆಕೆಂಡು ಬೇಗ ಹೇಗೆ? ಮೊದಲನೆಯವನು ಮಾತ್ರ ಕಾಲು ಊರಿ ಕೂರುವ ಬ್ಲಾಕಿನಿಂದ ಎದ್ದು ಹೊರಡುವುದು. ಉಳಿದ ಮೂವರು ಬೇಟನ್ ಹಿಡಿಯುವ ಹೊತ್ತಿಗಾಗಲೇ ಓಡುತ್ತಿರುತ್ತಾರೆ. ಓಟಗಾರರು ಬದಲಾಗುತ್ತಾರೆ, ಬೇಟನ್ನಿನ ವೇಗ ಕುಗ್ಗಬಾರದು. ಗಡಿಯಾರ ಅಳೆಯುವುದು ಬೇಟನ್ನಿನ ಪ್ರಯಾಣವನ್ನು. ಇದು ತಲೆಗೆ ಹೋದರೆ ಆಮೇಲೆ ಹುಡುಗ ತಾನು ನಿಂತು ಕೈ ಚಾಚುವುದಿಲ್ಲ.

ಹತ್ತು ಗಂಟೆಗೆ ಚಿಕ್ಕಬಳ್ಳಾಪುರ ಬಿಟ್ಟು ದೊಡ್ಡಬಳ್ಳಾಪುರ, ಅಲ್ಲಿಂದ ದಾಬಸ್‌ಪೇಟೆ, ಅಲ್ಲಿಂದ ತುಮಕೂರು. ದಾರಿಯಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ಹುಡುಗರು ನಿದ್ದೆ ಮಾಡಿದರು.

ಸಂಜೆ ನಾಲ್ಕಕ್ಕೆ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಹೋದೆವು. ಮುಳಬಾಗಿಲಿನವನು ಸಿಂಥೆಟಿಕ್ ಟ್ರ್ಯಾಕಿಗೆ ಕಾಲಿಟ್ಟದ್ದು ಅದೇ ಮೊದಲು. ಬಗ್ಗಿ ಹೆಬ್ಬೆರಳಿನಿಂದ ಒತ್ತಿ ನೋಡಿದ, ಒಂದೆರಡು ಸಲ ಕುಪ್ಪಳಿಸಿದ, ಏನೂ ಹೇಳಲಿಲ್ಲ. ಬಾಡಿಗೆಗೆ ತಂದಿದ್ದ ಮುಳ್ಳಿನ ಸ್ಪೈಕ್ ಶೂ ಹಾಕಿಕೊಂಡು 21 ಪಾದಕ್ಕೆ ಟೇಪು ಅಂಟಿಸಿ ನಿಂತ. ಬಂಗಾರಪೇಟೆಯವನು ಓಡಿ ಬಂದು ಟೇಪು ದಾಟಿದ, ಇವನು ಹೊರಟ. ಹೊರಟವನು ಸಿಗಲೇ ಇಲ್ಲ. ಮಣ್ಣಿನಲ್ಲಿ ಮೊದಲ ಮೂರು ಹೆಜ್ಜೆ ಜಾರುತ್ತಿದ್ದ ಕಾಲು ಇಲ್ಲಿ ಹಿಡಿತ ಸಿಕ್ಕಿ ಚಿಮ್ಮಿಬಿಟ್ಟಿತ್ತು. ಬಂಗಾರಪೇಟೆಯವನು ಕೈ ಚಾಚಿ ಚಾಚಿ ಕೊನೆಗೆ "ಲೋ, ನಿಲ್ಲೋ" ಅಂತ ಕೂಗಿದ. 20 ಪಾದ ಮಾಡಿದೆವು, ಆಗಲೂ ಅಂತರ ಉಳಿಯಿತು. 19ಕ್ಕೆ ಕೈ ಸೇರಿತು. ಆದರೆ ಅವನು ಬಂದದ್ದು ಐವತ್ತು ಮೀಟರ್ ದೂರದಿಂದ. ನಾಳೆ ಬರುವುದು ಪೂರ್ತಿ ನೂರು ಓಡಿ, ಕಾಲು ಸೋಲುವ ಹೊತ್ತಿಗೆ. ಹದಿನೆಂಟೂವರೆ ಇಡೋಣ ಅಂದೆ. ಅರ್ಧ ಪಾದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಪಕ್ಕದ ಜಿಲ್ಲೆಯ ತಂಡದ ಜೊತೆ ಬಂದಿದ್ದ ಮೇಷ್ಟ್ರೊಬ್ಬರು ಕೇಳಿದರು. ಬೇಕು ಸಾರ್ ಅಂದೆ. ನಿಜವಾಗಿಯೂ ಬೇಕು.

ಬದಲಾವಣೆಯ ಜೋನು, ಅಂದರೆ ಬೇಟನ್ ಕೈ ಬದಲಾಗಬೇಕಾದ ಗುರುತು ಹಾಕಿದ ಜಾಗ, ಈಗ 30 ಮೀಟರ್. 2017ರ ಕೊನೆಯವರೆಗೆ 20 ಮೀಟರ್ ಇತ್ತು, ಅದಕ್ಕೆ ಹಿಂದೆ ಓಡಿ ವೇಗ ಹಿಡಿಯಲು 10 ಮೀಟರ್ ಬೇರೆಯಾಗಿ ಕೊಡುತ್ತಿದ್ದರು, ಅಷ್ಟರೊಳಗೆ ಬೇಟನ್ ತಗೊಳ್ಳುವಂತಿರಲಿಲ್ಲ. ಈಗ ಎರಡೂ ಸೇರಿ ಒಂದೇ. ಜೋನಿನ ಒಳಗೆ ಇರಬೇಕಾದ್ದು ಬೇಟನ್, ಓಟಗಾರನ ಕಾಲಲ್ಲ. ಈ ಒಂದು ಮಾತನ್ನು ನಾಲ್ವರಿಂದಲೂ ಬಾಯಿಪಾಠ ಮಾಡಿಸಿದೆ.

ರಾತ್ರಿ ಲಾಡ್ಜಿನಲ್ಲಿ 2016ರ ರಿಯೋ ಒಲಿಂಪಿಕ್ಸ್ ಫೈನಲ್ ನೋಡಿದೆವು. ನನಗೆ ಎಲ್ಲ ರಿಲೇಗಳಿಗಿಂತ ಇಷ್ಟವಾದದ್ದು ಅದು, ಬೋಲ್ಟ್ ಇದ್ದಾರೆ ಅಂತ ಅಲ್ಲ. ಜಮೈಕಾ 37.27ರಲ್ಲಿ ಗೆದ್ದದ್ದು ಸರಿ. ಎರಡನೆಯವರು ಯಾರು ನೋಡಿ: ಜಪಾನ್, 37.60. ಯಮಾಗಾತಾ, ಈಜುಕಾ, ಕಿರ್ಯು, ಕೇಂಬ್ರಿಜ್ ಈ ನಾಲ್ವರಲ್ಲಿ ಒಬ್ಬರೂ ಆ ಹೊತ್ತಿಗೆ ನೂರು ಮೀಟರನ್ನು ಹತ್ತು ಸೆಕೆಂಡಿನೊಳಗೆ ಓಡಿದವರಲ್ಲ. ಕಿರ್ಯು 9.98 ಓಡಿದ್ದು ಮಾರನೇ ವರ್ಷ. ಅಮೆರಿಕದ ತಂಡ ಜಪಾನಿನ ಹಿಂದೆ ಮುಟ್ಟಿತು, ಆಮೇಲೆ ಅನರ್ಹವಾಯಿತು. ಮೊದಲ ಬದಲಾವಣೆಯಲ್ಲೇ ಗ್ಯಾಟ್ಲಿನ್ ಜೋನು ಶುರುವಾಗುವ ಮೊದಲೇ ಬೇಟನ್ ಮುಟ್ಟಿದ್ದರು. ಕಂಚು ಕೆನಡಾಕ್ಕೆ ಹೋಯಿತು.

ಜಪಾನಿನವರು ಬೇಟನ್ನನ್ನು ಕೆಳಗಿನಿಂದ ಮೇಲಕ್ಕೆ ಕೊಡುತ್ತಾರೆ. ತಗೊಳ್ಳುವವನು ಕೈಯನ್ನು ಹಿಂದಕ್ಕೆ ಎತ್ತಿ ಚಾಚಬೇಕಿಲ್ಲ, ಓಡುವ ಭಂಗಿ ಕೆಡುವುದಿಲ್ಲ. ಮೇಲಿನಿಂದ ಕೊಡುವುದರಲ್ಲಿ ಇಬ್ಬರ ತೋಳೂ ಚಾಚುವುದರಿಂದ ಸ್ವಲ್ಪ ದೂರ ಉಳಿಯುತ್ತದೆ, ಇದರಲ್ಲಿ ಆ ಲಾಭ ಇಲ್ಲ. ಅವರು ಅದನ್ನು ತೂಗಿ ನೋಡಿ, ವರ್ಷಗಟ್ಟಲೆ ಅದನ್ನೇ ಅಭ್ಯಾಸ ಮಾಡಿದವರು. ನಿಧಾನಗತಿಯಲ್ಲಿ ಮೂರು ಸಲ ಹಾಕಿಸಿ ನೋಡಿದ ಶ್ರೀನಿವಾಸಪುರದವನು ಕೇಳಿದ, "ನಾವೂ ಹಂಗೇ ಕೊಡೋಣ್ವಾ ಸಾರ್?" ನಾಳೆ ಬೇಡ ಮಗಾ, ಬೇಸಿಗೆಯಲ್ಲಿ ಕಲಿಯೋಣ ಅಂದೆ.

ಶನಿವಾರ

ಹೀಟ್ಸ್, ಅಂದರೆ ಫೈನಲ್‌ಗೆ ತಂಡ ಆರಿಸುವ ಓಟಗಳು, ಹನ್ನೊಂದಕ್ಕೆ. ಮಾಲೂರಿನವನು ಬ್ಲಾಕಿನಿಂದ ಚೆನ್ನಾಗಿ ಏಳುತ್ತಾನೆ, ಅದಕ್ಕೆ ಮೊದಲು. ಬಂಗಾರಪೇಟೆಯವನಿಗೆ ದಮ್ಮು ಜಾಸ್ತಿ. ಎರಡನೆಯವನು ಬೇಗ ತಗೊಂಡು ತಡವಾಗಿ ಕೊಟ್ಟರೆ ಬೇಟನ್ ಹಿಡಿದು ನೂರಕ್ಕಿಂತ ಹೆಚ್ಚು ಓಡಬೇಕಾಗುತ್ತದೆ. ಮುಳಬಾಗಿಲಿನವನು ಕುಳ್ಳ, ತಿರುವಿನಲ್ಲಿ ಹೊರಕ್ಕೆ ಎಸೆಯಲ್ಪಡುವುದಿಲ್ಲ. ಶ್ರೀನಿವಾಸಪುರದವನಿಗೆ ಮುಂದೆ ಒಬ್ಬ ಕಂಡರೆ ಸಾಕು, ಅಟ್ಟಿಸಿಕೊಂಡು ಹೋಗುತ್ತಾನೆ.

ನಮ್ಮ ಹೀಟ್ಸ್‌ನಲ್ಲಿ ಎರಡನೆಯವರಾಗಿ ಫೈನಲ್‌ಗೆ ಬಂದೆವು. ಮೂರು ಬದಲಾವಣೆಯೂ ಜೋನಿನೊಳಗೆ, ಆದರೆ ಮೂರನೆಯದು ತಡವರಿಸಿತು. ನಮ್ಮ ಮುಂದಿನ ಹೀಟ್ಸ್‌ನಲ್ಲಿ ಒಂದು ತಂಡದ ಮೂರನೇ ಹುಡುಗನ ಕೈಯಿಂದ ಬೇಟನ್ ಬಿದ್ದು ಪಕ್ಕದ ಲೇನಿಗೆ ಉರುಳಿತು. ಬೀಳಿಸಿದವನೇ ಎತ್ತಿಕೊಳ್ಳಬೇಕು, ಬೇರೆಯವರಿಗೆ ಅಡ್ಡ ಬರಬಾರದು, ಓಟವನ್ನು ಕಡಿಮೆ ಮಾಡಿಕೊಳ್ಳಬಾರದು, ಇಷ್ಟಾದರೆ ಓಟ ಮುಂದುವರಿಸಬಹುದು. ಆ ಹುಡುಗ ಎಲ್ಲರೂ ದಾಟುವ ತನಕ ಕಾದು, ಎತ್ತಿಕೊಂಡು, ತನ್ನ ಲೇನಿಗೆ ವಾಪಸ್ ಬಂದು ಓಡಿ ಕೊಟ್ಟ. ಕೊನೆಯವನು ಖಾಲಿ ಟ್ರ್ಯಾಕಿನಲ್ಲಿ ಒಬ್ಬನೇ ಪೂರ್ತಿ ವೇಗದಲ್ಲಿ ಓಡಿ ಮುಗಿಸಿದ. ಗ್ಯಾಲರಿಯಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಹುಣಸೆ ಮರದ ನೆರಳಿನಲ್ಲಿ ಬಾಳೆಹಣ್ಣು ತಿನ್ನುತ್ತ ಕೂತಿದ್ದಾಗ ಹುಡುಗರ ಮಾತು ಅದರ ಮೇಲೇ ಇತ್ತು. ಬಿದ್ದರೆ ಏನು ಮಾಡೋದು ಅನ್ನುವ ಹೆದರಿಕೆ ಮುಖದ ಮೇಲೆ ಕಾಣುತ್ತಿತ್ತು. ಆಗ ಅಮೆರಿಕದ ವಿಷಯ ಹೇಳಿದೆ. ವೇಗದ ಓಟಗಾರರು ಅವರಲ್ಲಿರುವಷ್ಟು ಬೇರೆ ಯಾರಲ್ಲೂ ಇಲ್ಲ, ಆದರೂ ಪುರುಷರ 4×100ರಲ್ಲಿ ಅವರ ಕೊನೆಯ ಒಲಿಂಪಿಕ್ ಚಿನ್ನ 2000ದ ಸಿಡ್ನಿಯದು. 2024ರ ಪ್ಯಾರಿಸ್ ಫೈನಲ್‌ನಲ್ಲಿ ಕ್ರಿಶ್ಚಿಯನ್ ಕೋಲ್ಮನ್ ಬರುವ ಮೊದಲೇ ಕೆನ್ನಿ ಬೆಡ್ನರೆಕ್ ಹೊರಟುಬಿಟ್ಟರು, ಇಬ್ಬರೂ ತಡಕಾಡಿ ಬೇಟನ್ ಬದಲಾಗುವಷ್ಟರಲ್ಲಿ ಜೋನು ಮುಗಿದಿತ್ತು. ಅನರ್ಹ. ಆಂಡ್ರೆ ಡಿ ಗ್ರಾಸ್ ಕೊನೆಯ ಲೆಗ್ ಓಡಿದ ಕೆನಡಾ 37.50ಕ್ಕೆ ಚಿನ್ನ, ದಕ್ಷಿಣ ಆಫ್ರಿಕಾ 37.57ಕ್ಕೆ ಬೆಳ್ಳಿ, ಬ್ರಿಟನ್ 37.61ಕ್ಕೆ ಕಂಚು. ಮುಂದಿನ ವರ್ಷ, 2025ರ ಸೆಪ್ಟೆಂಬರಿನಲ್ಲಿ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್. ಮತ್ತೆ ಅದೇ ಕೋಲ್ಮನ್, ಅದೇ ಬೆಡ್ನರೆಕ್, ಅದೇ ಮೊದಲ ಬದಲಾವಣೆ. ಅವರ ಜೊತೆಗೆ ಕೋರ್ಟ್ನಿ ಲಿಂಡ್ಸಿ, ನೋವಾ ಲೈಲ್ಸ್. 37.29ರಲ್ಲಿ ಚಿನ್ನ ಬಂತು. ತಪ್ಪಿದ ಇಬ್ಬರನ್ನು ಕೈಬಿಡಲಿಲ್ಲ, ಆ ಜೋಡಿಯನ್ನೇ ಉಳಿಸಿಕೊಂಡರು ಅಂದೆ. ಬಂಗಾರಪೇಟೆಯವನು ಮುಳಬಾಗಿಲಿನವನ ಬೆನ್ನ ಮೇಲೆ ಒಂದು ಏಟು ಹಾಕಿದ. "ನೀನು ಬೇಗ ಹೊರಟ್ರೂ ಪರವಾಗಿಲ್ಲ ಕಣೋ, ನಾನು ಬತ್ತೀನಿ."

ಫೈನಲ್ ನಾಲ್ಕೂವರೆಗೆ. ನಮಗೆ ಆರನೇ ಲೇನ್. ನಾನು ಎರಡನೇ ಬದಲಾವಣೆಯ ಎದುರಿಗೆ ಬೇಲಿ ಹಿಡಿದು ನಿಂತೆ. ಗನ್ ಸದ್ದಾಯಿತು. ಮಾಲೂರಿನವನು ಹೇಗೆ ಕೊಟ್ಟನೋ ಅಲ್ಲಿಂದ ಕಾಣಲಿಲ್ಲ. ಎದುರು ನೇರದಲ್ಲಿ ಬಂಗಾರಪೇಟೆಯವನು ನಾಲ್ಕನೆಯವನಾಗಿ ಬರುತ್ತಿದ್ದ. ಮುಳಬಾಗಿಲಿನವನು ಬಗ್ಗಿ, ತೋಳಿನ ಕೆಳಗಿನಿಂದ ಹಿಂದೆ ನೋಡುತ್ತ, ಟೇಪಿನ ಮೇಲೆ ಕಣ್ಣು ನೆಟ್ಟಿದ್ದ. ಪಕ್ಕದ ಐದನೇ ಲೇನಿನವನು ಗಾಬರಿಯಿಂದ ಎರಡು ಹೆಜ್ಜೆ ಮೊದಲೇ ಹೊರಟ. ಅದನ್ನು ನೋಡಿ ಇವನೂ ಹೊರಡುತ್ತಾನೆ ಅಂದುಕೊಂಡೆ. ಹೊರಡಲಿಲ್ಲ. ಬಂಗಾರಪೇಟೆಯವನ ಕಾಲು ಟೇಪು ದಾಟಿತು, ಆಗ ಚಿಮ್ಮಿದ. ಏಳೆಂಟು ಹೆಜ್ಜೆ ಆಗುವವರೆಗೆ ಕೈ ಹಿಂದಕ್ಕೆ ಬರಲಿಲ್ಲ, ಎರಡೂ ತೋಳು ಬೀಸಿ ಓಡುತ್ತಲೇ ಇದ್ದ. "ಹಾಂ!" ಬಲಗೈ ಹಿಂದೆ ಬಂತು, ಬಿಳಿ ಬೇಟನ್ ಅಂಗೈಗೆ ಬಿತ್ತು, ಬೆರಳು ಮುಚ್ಚಿದವು. ತಲೆ ಒಂದು ಚೂರೂ ತಿರುಗಲಿಲ್ಲ. ನಾಲ್ಕನೆಯವರಾಗಿ ಜೋನಿಗೆ ಬಂದವರು ಮೂರನೆಯವರಾಗಿ ಹೊರಗೆ ಹೋದರು. ಐದನೇ ಲೇನಿನ ಜೋಡಿ ಜೋನಿನ ಕೊನೆಯ ಗೆರೆ ದಾಟಿ ಬೇಟನ್ ಬದಲಾಯಿಸಿತು, ತಪ್ಪಾಯಿತು ಅಂತ ಅಂಪೈರ್ ಹಳದಿ ಬಾವುಟ ಎತ್ತಿದರು.

ಶ್ರೀನಿವಾಸಪುರದವನು ಕೊನೆಯಲ್ಲಿ ಎರಡನೆಯವನ ಭುಜದವರೆಗೆ ಬಂದ, ದಾಟಲಾಗಲಿಲ್ಲ. ಗೆದ್ದ ಎರಡೂ ತಂಡದಲ್ಲಿ ನಮಗಿಂತ ವೇಗದ ಹುಡುಗರಿದ್ದರು. ನಮಗೆ ಮೂರನೇ ಸ್ಥಾನ. ಅವತ್ತು ಬೆಳಿಗ್ಗೆ ನಡೆದ ನೂರು ಮೀಟರ್ ಫೈನಲ್‌ಗೆ ನಮ್ಮ ನಾಲ್ವರಲ್ಲಿ ಒಬ್ಬನೂ ಹೋಗಿರಲಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು.

ಭಾನುವಾರ

ಬೆಳಿಗ್ಗೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ, ಚಟ್ನಿ ಮೇಲೆ ಬೆಣ್ಣೆ. ಸಿದ್ಧಗಂಗಾ ಮಠಕ್ಕೆ ಹೋಗಿ ಬಂದು ದೇವರಾಯನದುರ್ಗಕ್ಕೆ ಆಟೋ ಮಾಡಿದೆವು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಮೆಟ್ಟಿಲು ಹತ್ತುವಾಗ ತೊಡೆ ಹಿಡಿದುಕೊಂಡು ನರಳಿದವನು ಮಾಲೂರಿನವನು ಮಾತ್ರ. ಇಳಿಯುವಾಗ ನಾಮದ ಚಿಲುಮೆಯಲ್ಲಿ ಬಂಡೆಯ ನಡುವೆ ಉಕ್ಕುವ ನೀರು ನೋಡಿದೆವು. ರಾಮ ಹಣೆಗೆ ನಾಮ ಇಡಲು ನೀರು ಸಿಗದೆ ಬಾಣ ಹೊಡೆದ ಜಾಗ ಅನ್ನುತ್ತಾರೆ. ಕೋತಿಯೊಂದು ಬಂಗಾರಪೇಟೆಯವನ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡಿತು. "ನಮಗಿಂತ ಚೆನ್ನಾಗಿ ತಗೊಂತದೆ ಸಾರ್" ಅಂದ ಮುಳಬಾಗಿಲಿನವನು.

ವಾಪಸ್ ಬಸ್ಸಿನಲ್ಲಿ ಜಗಳ ಶುರುವಾಯಿತು, ಒಳ್ಳೆಯ ಜಗಳ. ಮೂರನೇ ಬದಲಾವಣೆ ತಡವಾದದ್ದು ಯಾಕೆ ಅಂತ. ಶ್ರೀನಿವಾಸಪುರದವನ ಪ್ರಕಾರ "ಹಾಂ" ಕೇಳಿಸಲಿಲ್ಲ, ಎಂಟು ಲೇನಿನಲ್ಲೂ ಒಂದೇ ಸಲ ಕೂಗುತ್ತಾರೆ. ಮುಳಬಾಗಿಲಿನವನ ಪ್ರಕಾರ ಕೂಗಿದೆ, ಇವನು ಕೈ ಕೊಡಲಿಲ್ಲ. ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೋ ಹಾಕಿ ನೋಡಿದರೆ ಇಬ್ಬರೂ ಸರಿ. ಕೂಗಿದ್ದು ಕೇಳುತ್ತದೆ, ಆದರೆ ಅದೇ ಗಳಿಗೆಗೆ ನಾಲ್ಕನೇ ಲೇನಿನವನೂ ಕೂಗಿದ್ದಾನೆ. ಹಾಗಾದರೆ ನಮ್ಮ ಕೂಗನ್ನೇ ಬದಲಾಯಿಸೋಣ ಅಂತ ಮಾಲೂರಿನವನು ಸಲಹೆ ಕೊಟ್ಟ. ಬೇರೆ ಯಾರೂ ಕೂಗದಂಥದ್ದು ಬೇಕು. ದಾಬಸ್‌ಪೇಟೆ ಬರುವಷ್ಟರಲ್ಲಿ ಹತ್ತಾರು ಕೂಗು ಬಂದು ಹೋದವು. ಕೊನೆಗೆ "ಹಿಡಿ" ಅನ್ನುವುದಕ್ಕೆ ನಾಲ್ವರೂ ಒಪ್ಪಿದರು.

ಬುಧವಾರ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಸೇರುವುದು ಅಂತ ತೀರ್ಮಾನವಾಯಿತು. ಶ್ರೀನಿವಾಸಪುರದವನು ಇನ್ನೆರಡು ಪೈಪು ಕುಯ್ದು ತರುತ್ತೇನೆ ಅಂದಿದ್ದಾನೆ. ಬೇಸಿಗೆಗೆ ಕೆಳಗಿನಿಂದ ಕೊಡುವುದನ್ನು ಶುರು ಮಾಡಬೇಕು.